4ನೇ ಕ್ರಾಸ್ ಅಂದರೆ ಯಾವ 4ನೇ ಕ್ರಾಸ್? ಬಡಾವಣೆ ರಸ್ತೆಗಳ ಹೆಸರು ಬದಲಾವಣೆ: ಚರ್ಚೆ (ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಬಡಾವಣೆ ನಕ್ಷೆ
ಬೆಂಗಳೂರಿನಲ್ಲಿ ಒಂದೇ ಹೆಸರಿನ ರಸ್ತೆಗಳಿಗೆ ಬೇರೆ ಹೆಸರು ಕೊಡಬೇಕೇ ಬೇಡವೇ ಅನ್ನುವುದು ಪ್ರಶ್ನೆ. ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಪೊಲೀಸ್ ಜೀಪು ತಪ್ಪು ಬೀದಿಗೆ ತಿರುಗಬಾರದು, ಅದಷ್ಟೇ ಉದ್ದೇಶ.

ಬ್ಲಾಕ್, ಸ್ಟೇಜ್, ಫೇಸ್ ಬದಲಾದ ಕಡೆಯೆಲ್ಲ ಸಾಮಾನ್ಯವಾಗಿ ಕ್ರಾಸ್ ಎಣಿಕೆ ಮತ್ತೆ ಒಂದರಿಂದ ಶುರು. ಇದಕ್ಕಿಂತ ದೊಡ್ಡ ತೊಡಕು ರೆವಿನ್ಯೂ ಲೇಔಟುಗಳದ್ದು, ಅಂದರೆ ಕೃಷಿ ಜಮೀನಿನಲ್ಲಿ ಖಾಸಗಿಯವರು ಮಾಡಿದ ಬಡಾವಣೆಗಳದ್ದು. ಎರಡೆಕರೆ ಜಮೀನಿನಲ್ಲಿ ನಾಲ್ಕು ರಸ್ತೆ ಎಳೆದು 1ರಿಂದ 4ನೇ ಕ್ರಾಸ್ ಎಂದು ಬರೆಸುತ್ತಾರೆ. ಪಕ್ಕದ ತೋಟ ಲೇಔಟ್ ಆದಾಗ ಅಲ್ಲೂ 1ರಿಂದ 4. ಒಂದೇ ಪಿನ್‌ಕೋಡ್ ಒಳಗೆ ಮೂರು 4ನೇ ಕ್ರಾಸ್ ಹುಟ್ಟುವುದು ಹೀಗೆ. ಇಂಥವನ್ನು ಬದಲಿಸಲೇಬೇಕು ಅನ್ನುವುದು ನನ್ನ ವಾದ.

ಕರೆ ಮೇಜು
ತಪ್ಪು ನಂಬರಿನದಲ್ಲ ಸರ್. ಏರಿಯಾ ಹೆಸರಿಲ್ಲದೆ ಬರುವ ನಂಬರಿನದು. 112ಕ್ಕೋ 108ಕ್ಕೋ ಕರೆ ಮಾಡುವವರು ಗಾಬರಿಯಲ್ಲಿ ವಿಳಾಸವನ್ನು ಲಕೋಟೆ ಮೇಲೆ ಬರೆಯುವ ಕ್ರಮದಲ್ಲೇ ಹೇಳುತ್ತಾರೆ: ಮನೆ ನಂಬರ್, ಕ್ರಾಸ್, ಮೇನ್, ಕೊನೆಗೆ ಏರಿಯಾ. ಎಷ್ಟೋ ಸಲ ಆ ಕೊನೆಯದು ಬರುವುದೇ ಇಲ್ಲ. ವಾಹನ ಕಳಿಸುವವರಿಗೆ ಬೇಕಾಗಿರುವುದು ಉಲ್ಟಾ ಕ್ರಮ: ಮೊದಲು ಏರಿಯಾ, ಆಮೇಲೆ ಸ್ಟೇಜ್ ಅಥವಾ ಬ್ಲಾಕ್, ಮೇನ್, ಕ್ರಾಸ್, ಮನೆ. ಏರಿಯಾ ಗೊತ್ತಾದ ಕೂಡಲೇ ಹತ್ತಿರದ ವಾಹನ ಹೊರಡಬಹುದು, ಉಳಿದದ್ದನ್ನು ದಾರಿಯಲ್ಲಿ ಕೇಳಿಕೊಳ್ಳಬಹುದು.

ಇನ್ನೊಂದು ತೊಂದರೆ ಕಿವಿಯದು. ಸದ್ದಿನ ನಡುವೆ ಹದಿಮೂರು, ಹದಿನಾರು ಒಂದೇ ಥರ ಕೇಳಿಸುತ್ತವೆ. ಬಿ, ಡಿ ಸಹ ಹಾಗೆಯೇ. ಎಲ್ಲಕ್ಕಿಂತ ಕೆಟ್ಟದ್ದು "5ನೇ ಇ ಕ್ರಾಸ್". ಕನ್ನಡದಲ್ಲಿ ಹೇಳಿದರೆ ಕೇಳುವವರಿಗೆ ಅದು "ಐದನೇ... ಈ ಕ್ರಾಸ್" ಆಗುತ್ತದೆ, ಬರೆದುಕೊಳ್ಳುವುದು ಬರೀ 5ನೇ ಕ್ರಾಸ್. ಜಯನಗರದ 4ನೇ ಬ್ಲಾಕ್, 4ನೇ 'ಟಿ' ಬ್ಲಾಕ್ ನೋಡಿ. ನಡುವಿನ ಒಂದು ಅಕ್ಷರ ನುಂಗಿಹೋದರೆ ಬ್ಲಾಕೇ ಬದಲಾಯಿತು.

ತುರ್ತು ಚಾಲಕ
ನಂಬರ್ ತೆಗೆದು ವ್ಯಕ್ತಿಗಳ ಹೆಸರಿಡಲು ಹೊರಟರೆ ಚಾಲಕರಿಗೆ ಕಷ್ಟ ಹೆಚ್ಚುತ್ತದೆ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ ಹಿಡಿದು ಹೋಗುವಾಗ 13, 14 ದಾಟಿದರೆ ಮುಂದಿನದು 15ನೇ ಕ್ರಾಸ್ ಅಂತ ಫಲಕ ಕಾಣದಿದ್ದರೂ ಎಣಿಸಬಹುದು. ಕ್ರಾಸುಗಳು ಒಂದೇ ಸರಣಿಯಲ್ಲಿ ಇರುವುದರಿಂದ ಇದು ಸಾಧ್ಯ. ಅದೇ ಜಾಗದಲ್ಲಿ ಕುವೆಂಪು ರಸ್ತೆ, ಬಸವೇಶ್ವರ ರಸ್ತೆ, ಗಾಂಧಿ ರಸ್ತೆ ಬಂದರೆ ಎಣಿಕೆಯೂ ಹೋಯಿತು, ಜೊತೆಗೆ ಅದೇ ಹೆಸರು ಇನ್ನೂ ಹತ್ತು ಕಡೆ ಇರುತ್ತದೆ. 80 ಅಡಿ ರಸ್ತೆ, 100 ಅಡಿ ರಸ್ತೆಗಳದ್ದೂ ಇದೇ ಕಥೆ. ಇಂದಿರಾನಗರದಲ್ಲೂ ಇವೆ, ಕೋರಮಂಗಲದಲ್ಲೂ ಇವೆ.

ತಪ್ಪು ಕ್ರಾಸ್ ಅಂದರೆ ಒಂದು ನಿಮಿಷದ ಮಾತು ಅಂದುಕೊಳ್ಳಬೇಡಿ. ಅಗ್ನಿಶಾಮಕ ಲಾರಿ ಸುಮಾರು ಎರಡೂವರೆ ಮೀಟರ್ ಅಗಲ. ಇಪ್ಪತ್ತು ಅಡಿ ರಸ್ತೆಯ ಎರಡೂ ಬದಿ ಕಾರು ನಿಂತಿದ್ದರೆ ಒಳಗೆ ತೂರುವುದೇ ಕಷ್ಟ, ರಸ್ತೆ ಮುಂದೆ ಬಂದ್ ಆಗಿದ್ದರೆ ಪೂರ್ತಿ ರಿವರ್ಸ್ ಬರಬೇಕು. ಹಿಂದೆ ಆಗಲೇ ನಾಲ್ಕು ಬೈಕು, ಒಂದು ಆಟೋ ಬಂದು ನಿಂತಿರುತ್ತವೆ.

ಕೋಡ್ ಪರ
ಇಷ್ಟೆಲ್ಲ ಯಾಕೆ? ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ಹತ್ತು ಅಕ್ಷರ-ಅಂಕಿಗಳ ಕೋಡ್, ದೇಶದ ಪ್ರತಿ ನಾಲ್ಕು ಮೀಟರ್ ಚೌಕಕ್ಕೂ ಒಂದೊಂದು. ಗೇಟಿನ ಮೇಲೆ ಬರೆಸಿದರೆ ರಸ್ತೆ ಹೆಸರು ಏನಿದ್ದರೇನು?

ಬಡಾವಣೆ ನಕ್ಷೆ
ಬರೆಸಿ, ಒಳ್ಳೆಯದೇ. ಆದರೆ ಅದನ್ನೊಂದೇ ನಂಬುವಂತಿಲ್ಲ. ಕೋಡ್ ಹೇಳುವುದು ಜಾಗವನ್ನು, ಬಾಗಿಲನ್ನಲ್ಲ. 60×90 ಅಡಿಯ ನಿವೇಶನದಲ್ಲಿ ಹಿಂದಿನ ರೂಮಿನಲ್ಲಿ ನಿಂತು ಕೋಡ್ ತೆಗೆದರೆ, ಮ್ಯಾಪ್ ಆ ಬಿಂದುವಿಗೆ ಹತ್ತಿರದ ರಸ್ತೆ ಹುಡುಕಿ ಹಿಂಬದಿಯ ಸಣ್ಣ ಗಲ್ಲಿಗೋ ಪಕ್ಕದ ಕ್ರಾಸಿಗೋ ಕರೆದೊಯ್ಯಬಹುದು. ನಡುವೆ ಕಾಂಪೌಂಡ್ ಗೋಡೆ. ಆದ್ದರಿಂದ ಕೋಡ್ ತೆಗೆಯುವವರು ಗೇಟಿನ ಹೊರಗೆ, ರಸ್ತೆ ಅಂಚಿನಲ್ಲಿ ನಿಂತೇ ತೆಗೆಯಬೇಕು. ಅಪಾರ್ಟ್‌ಮೆಂಟ್ ಆದರೆ ಆಂಬುಲೆನ್ಸ್ ಬರುವ ಗೇಟಿನದು.

ಕರೆ ಮೇಜು
ಡಿಜಿಪಿನ್‌ನಲ್ಲಿ ಬಳಸುವ ಅಕ್ಷರಗಳಲ್ಲಿ ಸಿ, ಪಿ, ಟಿ ಮೂರೂ ಇವೆ. ಫೋನಿನಲ್ಲಿ ಓದಿ ಹೇಳುವಾಗ ಅದೇ ಬಿ-ಡಿ ಕಷ್ಟ. ಮೊಬೈಲಿನ ಲೊಕೇಶನ್ ಸಿಕ್ಕರೂ ಎಲ್ಲ ಕರೆಗೂ ಅದು ಸಾಲದು. ಅಪ್ಪ ಅಮ್ಮ ಇಲ್ಲಿ, ಕರೆ ಮಾಡುವ ಮಗಳು ಪುಣೆಯಲ್ಲಿ ಅಂದರೆ ಫೋನ್ ತೋರಿಸುವುದು ಪುಣೆಯನ್ನು. ಅಲ್ಲಿ ಕೆಲಸಕ್ಕೆ ಬರುವುದು ಬಾಯಲ್ಲಿ ಹೇಳಬಹುದಾದ ವಿಳಾಸ ಒಂದೇ.

ಖಾತೆ ಕಡತ
ನಿವಾಸಿಗಳು ವಿರೋಧಿಸುವುದು ಹೆಸರಿನ ಮೇಲಿನ ಪ್ರೀತಿಯಿಂದಲ್ಲ, ಕಾಗದಪತ್ರದ ಭಯದಿಂದ. ಕ್ರಯಪತ್ರ ತಿದ್ದಿಸಬೇಕೇ ಅಂತ ಎಲ್ಲರೂ ಕೇಳುತ್ತಾರೆ. ರಸ್ತೆ ಹೆಸರು ಬದಲಾದ ಮಾತ್ರಕ್ಕೆ ಬೇಕಿಲ್ಲ. ಪತ್ರದ ಷೆಡ್ಯೂಲ್‌ನಲ್ಲಿ (ಸ್ವತ್ತಿನ ವಿವರದ ಭಾಗ) ಸ್ವತ್ತನ್ನು ಗುರುತಿಸುವುದು ಸೈಟ್ ನಂಬರ್, ಸರ್ವೆ ನಂಬರ್, ಅಳತೆ, ಚಕ್ಕುಬಂದಿ ಅಂದರೆ ನಾಲ್ಕು ದಿಕ್ಕಿನ ಗಡಿ. ಪೂರ್ವಕ್ಕೆ "ರಸ್ತೆ" ಎಂದಿದ್ದದ್ದು ರಸ್ತೆಯಾಗಿಯೇ ಇರುತ್ತದೆ. ಮುಂದೆ ಮಾರುವಾಗ ಹೊಸ ಪತ್ರದಲ್ಲಿ "ಈ ಹಿಂದೆ 4ನೇ ಕ್ರಾಸ್ ಎಂದು ಕರೆಯಲಾಗುತ್ತಿದ್ದ" ಎಂದು ಒಂದು ಸಾಲು ಸೇರಿಸಿದರಾಯಿತು. ಆದರೆ ಆಧಾರ್, ಬ್ಯಾಂಕ್, ಗ್ಯಾಸ್, ವಾಹನದ ಆರ್‌ಸಿ ಇವುಗಳ ಓಡಾಟ ನಿಜ. ಅದಕ್ಕೇ ಪಾಲಿಕೆಯ ಆದೇಶದ ಪ್ರತಿ ಪ್ರತಿ ಮನೆಗೂ ಸಿಗಬೇಕು. ಹಳೆ ಹೆಸರು, ಹೊಸ ಹೆಸರು ಎರಡೂ ಒಂದೇ ಹಾಳೆಯಲ್ಲಿರಬೇಕು, ಇಲ್ಲವಾದರೆ ಬ್ಯಾಂಕಿನವರು ಇದನ್ನು ಮನೆ ಬದಲಾವಣೆ ಅಂದುಕೊಳ್ಳುತ್ತಾರೆ.

ಆದ್ದರಿಂದ ಎರಡು ರಸ್ತೆಗೆ ಒಂದೇ ಹೆಸರಿದ್ದರೆ ಬದಲಿಸಬೇಕಾದ್ದು ಕಡಿಮೆ ಮನೆಗಳಿರುವ ರಸ್ತೆಯನ್ನು. ಯಾವುದು ಹಳೆಯದು ಅನ್ನುವ ಜಗಳ ಬೇಡ, ಬಾಗಿಲು ಎಣಿಸಿ.

ಬಡಾವಣೆ ನಕ್ಷೆ
ಒಪ್ಪಿದೆ. ಮೇಲಿನ ಮಾತುಗಳ ನಂತರ ನನ್ನ ನಿಲುವನ್ನು ತಿದ್ದಿಕೊಳ್ಳುತ್ತೇನೆ. ಒಂದೇ ನಂಬರ್ ಇದೆ ಎಂದು ಎಲ್ಲವನ್ನೂ ಬದಲಿಸಬೇಕಿಲ್ಲ. "ಯಾವ ಏರಿಯಾ?" ಎಂಬ ಒಂದೇ ಪ್ರಶ್ನೆಗೆ ಬೇರೆಯಾಗುವವು ಹಾಗೇ ಇರಲಿ. ಏರಿಯಾ ಹೆಸರೂ ಒಂದೇ, ಪಿನ್ ಕೂಡ ಒಂದೇ ಆಗಿದ್ದು ಕ್ರಾಸ್ ಎರಡಿದ್ದರೆ ಮಾತ್ರ ಕೈ ಹಾಕೋಣ.

ಪಟ್ಟಿ ಮಾಡುವ ಬಗೆ: ಎಕ್ಸೆಲ್‌ನಲ್ಲಿ ಪ್ರತಿ ರಸ್ತೆಗೆ ಒಂದು ಸಾಲು. ಪಾಲಿಕೆ ದಾಖಲೆಯ ಹೆಸರು, ಜನ ಕರೆಯುವ ಹೆಸರು, ಎರಡೂ ತುದಿಯ ಜಂಕ್ಷನ್, ಅಗಲ, ಮುಂದೆ ಬಂದ್ ಇದೆಯೇ, ಎಷ್ಟು ಬಾಗಿಲು. ಹೆಸರಿನ ಪ್ರಕಾರ ಸಾರ್ಟ್ ಮಾಡಿದರೆ ಜೋಡಿಗಳು ತಾವಾಗಿ ಅಕ್ಕಪಕ್ಕ ಬಂದು ನಿಲ್ಲುತ್ತವೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಈಗ ಐದು ಪಾಲಿಕೆ ಇವೆ. ಗಡಿಯ ಆಚೆ ಬದಿಯ ರಸ್ತೆಗಳನ್ನೂ ಪಟ್ಟಿಗೆ ಸೇರಿಸಿ, ಆಂಬುಲೆನ್ಸಿಗೆ ಪಾಲಿಕೆ ಗಡಿ ಇಲ್ಲ.

ಹೊಸ ಹೆಸರಿಗೆ ನಂಬರ್ ಉಳಿಸಿಕೊಂಡು ಅದರ ಮೊದಲು ಲೇಔಟಿಗೊಂದರಂತೆ ಮರದ ಹೆಸರನ್ನು ಅಂಟಿಸುವುದೇ ವಾಸಿ: "ಹೊಂಗೆ 4ನೇ ಕ್ರಾಸ್", "ಬೇವು 4ನೇ ಕ್ರಾಸ್" ಎಂಬಂತೆ. ಎಣಿಕೆ ಉಳಿಯಿತು, ಗೊಂದಲ ಹೋಯಿತು.

ಕರೆ ಮೇಜು
ಅಂತಿಮ ಮಾಡುವ ಮುಂಚೆ ಫೋನ್ ಪರೀಕ್ಷೆ ಮಾಡಿ. ಒಬ್ಬರು ರಸ್ತೆ ಬದಿಯ ಗದ್ದಲದಲ್ಲಿ ನಿಂತು ಹೆಸರು ಓದಲಿ, ಬಡಾವಣೆ ಪರಿಚಯವಿಲ್ಲದ ಇನ್ನೊಬ್ಬರು ಬರೆದುಕೊಳ್ಳಲಿ. ಹತ್ತು ಸಲದಲ್ಲಿ ಎರಡು ಸಲ ತಪ್ಪಿದರೂ ಆ ಹೆಸರು ಬೇಡ. ಹೊಂಗೆ, ಸಂಪಿಗೆ ಪಕ್ಕಪಕ್ಕದಲ್ಲಿದ್ದರೆ ಕೊನೆಯ "ಗೆ" ಮಾತ್ರ ಕಿವಿಗೆ ಬೀಳಬಹುದು. ಹೊಂಗೆಯ ಪಕ್ಕ ಬೇವು ಇಡಿ.

ಅಂಚೆ ಬೀಟ್
ಫಲಕದ ವಿಷಯ ಯಾರೂ ಎತ್ತಲಿಲ್ಲ. ಕಾಗದದ ಮೇಲೆ ಹೆಸರು ಬದಲಾಗಿ ಮೂಲೆಯಲ್ಲಿ ಹಳೆ ಕಲ್ಲೇ ಉಳಿದರೆ ಮೊದಲಿಗಿಂತ ಕೆಟ್ಟ ಸ್ಥಿತಿ. ರಸ್ತೆಯ ಎರಡೂ ತುದಿಗೆ, ನಡುವೆ ಬೇರೆ ರಸ್ತೆ ಕೂಡುವ ಕಡೆಗೂ ಫಲಕ ಬೇಕು. ರಾತ್ರಿ ಹೆಡ್‌ಲೈಟಿಗೆ ಹೊಳೆಯುವ ರಿಫ್ಲೆಕ್ಟಿವ್ ಶೀಟ್ ಇರಲಿ, ಅಕ್ಷರ ಹತ್ತು ಸೆಂಟಿಮೀಟರಿಗೆ ಕಡಿಮೆ ಬೇಡ. ಮೊಣಕಾಲೆತ್ತರದ ಕಾಂಕ್ರೀಟ್ ಫಲಕದ ಮುಂದೆ ಒಂದು ಕಾರು ನಿಂತರೆ ಮುಗಿಯಿತು. ಕಂಬಕ್ಕೆ, ಏಳಡಿ ಮೇಲೆ ಹಾಕಿ. ಕೆಳಗಿನ ಸಾಲಿನಲ್ಲಿ ಏರಿಯಾ, ಪಿನ್‌ಕೋಡ್, ಸಣ್ಣದಾಗಿ "ಹಳೆಯದು: 4ನೇ ಕ್ರಾಸ್". ಎರಡು ವರ್ಷವಾದರೂ ಆ ಸಾಲು ಇರಲಿ.

ತುರ್ತು ಚಾಲಕ
ಆ ಫಲಕ ಏಳುವ ದಿನವೇ ಮ್ಯಾಪ್ ಕೂಡ ಬದಲಾಗಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಳೆ ಹೆಸರನ್ನು ಅಳಿಸಬೇಡಿ, ಅದಕ್ಕೆಂದೇ ಇರುವ 'ಓಲ್ಡ್ ನೇಮ್' ಟ್ಯಾಗಿಗೆ ಸರಿಸಿ, ಹುಡುಕಿದರೆ ಎರಡೂ ಸಿಗುತ್ತವೆ. 112, 108, ಅಗ್ನಿಶಾಮಕ ಠಾಣೆ, ಅಂಚೆ ಕಚೇರಿ, ಬೆಸ್ಕಾಂಗೆ ಹಳೆ-ಹೊಸ ಹೆಸರಿನ ಪಟ್ಟಿ ಮುಂಚೆಯೇ ತಲುಪಬೇಕು.

ಖಾತೆ ಕಡತ
ಮನೆ ನಂಬರ್ ಬಗ್ಗೆಯೂ ಒಂದು ಮಾತು. ಸೈಟ್ ನಂಬರ್ 112, ಪಕ್ಕದ್ದು 87, ಆಮೇಲೆ 112/1. ಗೇಟಿನಲ್ಲಿ ಹಳೆ ನಂಬರೂ ಇದೆ, ಪಾಲಿಕೆ ಸ್ವತ್ತಿಗೆ ಕೊಡುವ ಪಿಐಡಿ ನಂಬರೂ ಇದೆ. ರಸ್ತೆ ಸರಿಹೋದರೂ ಬಾಗಿಲು ಹುಡುಕಲು ಇಳಿದು ನಡೆಯಬೇಕಾಗುತ್ತದೆ.

ಬಡಾವಣೆ ನಕ್ಷೆ
ಮೇನ್ ರಸ್ತೆ ಕಡೆಯಿಂದ ಎಣಿಸಿ ಎಡಕ್ಕೆ ಬೆಸ, ಬಲಕ್ಕೆ ಸಮ ಎಂದು ಒಂದು ಬಾಗಿಲು ನಂಬರ್ ಬರೆಸಬಹುದು, ಖಾತೆ ನಂಬರನ್ನು ಮುಟ್ಟದೆ. ಖಾಲಿ ಸೈಟಿಗೂ ಒಂದು ನಂಬರ್ ಬಿಟ್ಟುಕೊಂಡು ಹೋಗಬೇಕು, ನಾಳೆ ಅಲ್ಲಿ ಮನೆ ಎದ್ದಾಗ ಮತ್ತೆ 7/1 ಶುರುವಾಗಬಾರದು.