ಅವ್ವನ ಜೊತೆ ಫಾಲ್ಸ್ ನೋಡಬೇಕು, ಹುಡುಗನಿಗೆ ದೊಡ್ಡ ಮರ: ಎಲ್ಲಿಗೆ ಹೋಗಲಿ?

ಪ್ರಶ್ನೆ, ಬೆಳಗಾವಿಯ ಟಿಳಕವಾಡಿಯಿಂದ:
ಆಗಸ್ಟ್‌ನಲ್ಲಿ ವಿಜಯಪುರದಿಂದ ಅಕ್ಕ ಮಕ್ಕಳ ಜೊತೆ ಬರುತ್ತಾಳೆ. ರೀಲ್ಸ್ ನೋಡಿ ದೊಡ್ಡವಳಿಗೆ ವಜ್ರಪೋಹ ಫಾಲ್ಸೇ ಬೇಕಂತೆ. ಸಣ್ಣವನದು ಬೇರೆ ಹಟ, ಆನೆಗಿಂತ ದಪ್ಪ ಮರ ತೋರಿಸು ಅಂತಾನೆ. ಅವ್ವನೂ ಬರುತ್ತಾಳೆ, ಮೊಣಕಾಲು ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಏನು ಮಾಡಲಿ?

ಖಾನಾಪುರದವ:
ವಜ್ರಪೋಹ ಬಿಡಿ. ಮಹದಾಯಿ ಧುಮುಕುವುದು ಚೆಂದವೇ, ಆದರೆ ಜಾಂಬೋಟಿ ಆಚೆ ಕಾಡೊಳಗೆ ನಡೆಯಬೇಕು. ಕೆಸರು, ಉಂಬಳ. ಮಳೆಗಾಲದಲ್ಲಿ ಅರಣ್ಯ ಇಲಾಖೆಯವರು ಎಷ್ಟೋ ಸಲ ಒಳಗೇ ಬಿಡುವುದಿಲ್ಲ. ಸುಮ್ನೆ ಹೋಗಿ ವಾಪಸ್ ಬರಬೇಕಾಗುತ್ತೆ. ಹುಡುಗನಿಗೆ ನಮ್ಮ ಕಡೆಯ ಮತ್ತಿ ಮರ ತೋರಿಸಿ. ತೊಗಟೆ ಮೊಸಳೆ ಚರ್ಮದ ಹಾಗೆ ಚೌಕ ಚೌಕ ಸೀಳಿರುತ್ತೆ. ಮಳೆಯಲ್ಲಿ ನೆಂದರೆ ಪೂರ್ತಿ ಕಪ್ಪು.

ಗೋಕಾಕದವಳು:
ನಮ್ಮೂರಿಗೆ ಬನ್ನಿ ಅಕ್ಕಾ. 52 ಮೀಟರ್ ಬೀಳುತ್ತಾಳೆ ಘಟಪ್ರಭೆ, ಅವ್ವ ಹೆಚ್ಚು ನಡೆಯದೇ ನೋಡಬಹುದು. ತೂಗುಸೇತುವೆ ಮಾತ್ರ ಅಲುಗಾಡುತ್ತೆ, ಅದು ಮಕ್ಕಳಿಗಿರಲಿ, ಕೈ ಹಿಡಿದುಕೊಂಡು.
ಒಂದು ಮಾತು. ಗೋಕಾಕದಲ್ಲಿ ಮಳೆ ಇದೆಯಾ ಅಂತ ಕೇಳಿ ಹೊರಡಬೇಡಿ. ಇಲ್ಲಿ ಬಟ್ಟೆ ಒಣಗುವ ಬಿಸಿಲಿದ್ದಾಗಲೂ ಹೊಳೆ ಕೆಂಪಗೆ ತುಂಬಿ ಬರುತ್ತೆ. ಇಲ್ಲಿನ ಮಳೆಗೂ ಅದಕ್ಕೂ ಸಂಬಂಧ ಕಡಿಮೆ, ನೀರು ಘಟ್ಟದ್ದು. ಅಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಸಂಕೇಶ್ವರದ ಮೇಲೆ ಹರಿದು ಘಟಪ್ರಭೆ ಸೇರುತ್ತಾಳೆ. ಅವರಿಬ್ಬರೂ ಸೇರುವ ಜಾಗಕ್ಕಿಂತ ಮೇಲೆ, ಘಟಪ್ರಭೆಗೆ ಹಿಡಕಲ್ ಡ್ಯಾಂ ಇದೆ. ಅದು ತುಂಬಿ ಗೇಟು ತೆಗೆದರು ಅಂತ ಪೇಪರಿನಲ್ಲಿ ಬಂತೋ, ಮರುದಿನವೇ ಹೊರಡಿ. ನಾವು ಊರಿನವರೂ ಹಾಗೇ ನೋಡೋದು. ಡ್ಯಾಂ ತುಂಬುವ ಮೊದಲು ಬಂದರೆ ಬಂಡೆಯೇ ಜಾಸ್ತಿ ಕಾಣುತ್ತೆ, ಆಮೇಲೆ ನನ್ನನ್ನು ಬೈಯಬೇಡಿ.

ಹಾವೇರಿ ಸೊಸೆ:
ಆನೆಗಿಂತ ದಪ್ಪ ಮರ ಅಂದರೆ ಸವಣೂರು! ದೊಡ್ಡಹುಣಸೆ ಮಠದಲ್ಲಿ ಅಂಥ ಮರಗಳಿವೆ, ಆಫ್ರಿಕಾ ಮೂಲದ ಬಾವೊಬಾಬ್. ಬುಡ ತಬ್ಬಿಕೊಳ್ಳೋಕೆ ಮನೆಮಂದಿಯೆಲ್ಲ ಕೈ ಜೋಡಿಸಬೇಕು. ಆದರೆ ಹುಬ್ಬಳ್ಳಿ ದಾಟಿ ಹೋಗಬೇಕು, ಗೋಕಾಕದ ಜೊತೆ ಒಂದೇ ದಿನಕ್ಕೆ ಸೇರಿಸಬೇಡಿ.

ಟಿಳಕವಾಡಿಯಿಂದ:
ಗೋಕಾಕ ಖಾಯಂ, ಹಿಡಕಲ್ ಸುದ್ದಿ ಕಾಯುತ್ತೇನೆ. ಸವಣೂರು ದೀಪಾವಳಿ ರಜೆಗೆ, ಮಳೆ ಬೇಕಾಗಿಲ್ಲ ಅಲ್ವಾ ಅದಕ್ಕೆ. ವಜ್ರಪೋಹದ ವಿಷಯ ದೊಡ್ಡವಳಿಗೆ ನೀವೇ ಯಾರಾದರೂ ಹೇಳಿ.