ಜುಲೈನಲ್ಲಿ ಕ್ಯಾಲಿಫೋರ್ನಿಯಾ ಕೋಸ್ಟ್, ಮೂರು ರಾತ್ರಿ: ಕ್ಯಾಬಿನ್ನಾ, ಟೆಂಟಾ? ಮಂಜಲ್ಲಿ ಇದ್ದು ಬಂದೋರು ಹೇಳಿ

ಕಡಲಹಕ್ಕಿ:
ಎಲ್ರಿಗೂ ನಮಸ್ಕಾರ. ಜುಲೈ ಮೂರನೇ ವಾರ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೈವೇ 1 ಹಿಡ್ಕೊಂಡು ಉತ್ತರಕ್ಕೆ ಹೋಗಿ ಸಮುದ್ರದ ಪಕ್ಕ ಎಲ್ಲಾದ್ರೂ ಮೂರು ರಾತ್ರಿ ಇರೋಣ ಅಂತಿದೀವಿ. ನಾನು, ನನ್ನ ಹೆಂಡ್ತಿ, ಏಳು ವರ್ಷದ ಮಗ, ಜೊತೆಗೆ ನಮ್ಮಮ್ಮ. ಅಮ್ಮಂಗೆ ಮಂಡಿ ನೋವು, ನೆಲದ ಮೇಲೆ ಮಲಗಿದ್ರೆ ಏಳೋಕೆ ಇಬ್ರು ಬೇಕು. ಹೋದ ವರ್ಷ ಜೂನ್‌ನಲ್ಲಿ ಮೆಂಡೊಸಿನೊ ಹತ್ರ ಮರಗಳ ಕೆಳಗೆ ಟೆಂಟ್ ಹಾಕಿದ್ವಿ, ಫೋರ್‌ಕಾಸ್ಟ್‌ನಲ್ಲಿ ಮಳೆ ಸೊನ್ನೆ ಅಂತಿತ್ತು, ಆದ್ರೆ ರಾತ್ರಿಯೆಲ್ಲಾ ಟಪ್ ಟಪ್ ಅಂತ ಹನಿ ಬೀಳ್ತಾನೇ ಇತ್ತು, ಬೆಳಿಗ್ಗೆ ನೋಡಿದ್ರೆ ಸ್ಲೀಪಿಂಗ್ ಬ್ಯಾಗ್‌ನ ಕಾಲಿನ ತುದಿ ಹಿಂಡಿದ್ರೆ ನೀರು ಬರೋ ಹಾಗಾಗಿತ್ತು. ಎರಡನೇ ದಿನವೇ ಪ್ಯಾಕ್ ಮಾಡಿ ವಾಪಸ್. ಈ ಸಲ ಕ್ಯಾಬಿನ್ ತಗೊಂಡ್ರೆ ಸಾಕಾ ಅಥವಾ ಜುಲೈನೇ ಬಿಟ್ಬಿಡಬೇಕಾ? ಬೀಚ್‌ನಲ್ಲಿ ಬಿಸಿಲು ಕಾಯ್ಬೇಕು ಅಂತ ಆಸೆ ಇತ್ತು, ಅದು ದುರಾಸೆ ಅಂದ್ರೆ ಅದನ್ನೂ ಹೇಳ್ಬಿಡಿ.

ಗಂಬೂಟು:
ದುರಾಸೆನೇ 😄 ಆದ್ರೆ ಪೂರ್ತಿ ಅಲ್ಲ. ಅಲ್ಲಿ ಬೇಸಿಗೆ ಅಂದ್ರೆ ಮಂಜಿನ ಸೀಸನ್ನು. ವಸಂತದಿಂದ ಬೇಸಿಗೆವರೆಗೂ ಉತ್ತರದ ಗಾಳಿ ಬೀಸ್ತಾನೇ ಇರತ್ತೆ, ಅದು ಮೇಲಿನ ನೀರನ್ನ ದಡದಿಂದ ಆಚೆ ತಳ್ಳತ್ತೆ, ಆ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರತ್ತೆ, ಹಂಗಾಗಿ ಜುಲೈನಲ್ಲೂ ನೀರು 11-12 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದರ ಮೇಲೆ ತೇವದ ಗಾಳಿ ಹಾದ್ರೆ ಮಂಜು. ಒಳನಾಡಿನ ಸೆಂಟ್ರಲ್ ವ್ಯಾಲಿ ಅತ್ಲಾಗೆ ಕಾದ ಕಾವಲಿ ಥರ ಇರತ್ತೆ, ಅಲ್ಲಿ ಬಿಸಿಗಾಳಿ ಮೇಲೆದ್ದ ಹಾಗೆ ಇತ್ಲಾಗಿಂದ ಮಂಜನ್ನ ಒಳಗೆ ಎಳ್ಕೊಳತ್ತೆ. ಅಂದ್ರೆ ನಿಮ್ಮೂರಲ್ಲಿ ಸೆಕೆ ತಡೆಯೋಕಾಗಲ್ಲ ಬೀಚ್‌ಗೆ ಹೋಗೋಣ ಅನ್ನೋ ದಿನವೇ ಬೀಚ್‌ನಲ್ಲಿ ಜಾಕೆಟ್ ಹಾಕೋ ದಿನ.

ಒಂದು ವಿಷಯ ತುಂಬಾ ಜನ ಯೋಚ್ನೆ ಮಾಡಲ್ಲ, ಎತ್ತರ. ಈ ಮಂಜು ಆಕಾಶದವರೆಗೂ ಇರಲ್ಲ, ಮೇಲೆ ಬಿಸಿಗಾಳಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂತಿರತ್ತೆ, ಅದರ ಕೆಳಗೆ ಮಾತ್ರ. ಮುಚ್ಚಳ ತಗ್ಗಿನಲ್ಲಿರೋ ದಿನ ಗುಡ್ಡ ಹತ್ತಿದ್ರೆ ಮೇಲೆ ಬಿಸಿಲು, ಕೆಳಗೆ ಹತ್ತಿ ಹಾಸಿದ ಹಾಗೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕಿರೋ ಪಾಯಿಂಟ್ ರೇಯ್ಸ್ ಲೈಟ್‌ಹೌಸ್ ನೋಡಿದೀರಾ? 1870ರದ್ದು. 600 ಅಡಿ ಬಂಡೆಯ ನೆತ್ತಿ ಮೇಲೆ ಕಟ್ಟೋದು ಬಿಟ್ಟು ಸುಮಾರು ಅರ್ಧಕ್ಕೆ ಇಳಿದು ಕಟ್ಟಿದಾರೆ, ಯಾಕಂದ್ರೆ ಮಂಜು ನೆಲ ಬಿಟ್ಟು ಎತ್ತರದಲ್ಲಿ ತೇಲೋ ದಿನಗಳಲ್ಲಿ ನೆತ್ತಿ ಮೇಲೆ ಇಟ್ರೆ ದೀಪ ಮಂಜಲ್ಲಿ ಮುಳುಗಿ ಹಡಗಿನೋರಿಗೆ ಕಾಣ್ತಿರ್ಲಿಲ್ಲ. ಇಳಿಯೋಕೆ 313 ಮೆಟ್ಲು, ಇಳಿದಷ್ಟೂ ಹತ್ತಬೇಕು, ಅಮ್ಮನ್ನ ಮೇಲೇ ಕೂರ್ಸಿ. ಗಾಳಿ ಜೋರಿದ್ರೆ ಮೆಟ್ಲೇ ಮುಚ್ಚಿರ್ತಾರೆ, ಹೋಗೋ ದಿನ ಚೆಕ್ ಮಾಡ್ಕೊಳಿ.

ರಜೆ ಬದಲಾಯ್ಸೋಕಾದ್ರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಆ ಕೋಸ್ಟ್‌ಗೆ ನಿಜವಾದ ಬೇಸಿಗೆ ಅಂದ್ರೆ ಅದು.

ಸೌದೆಒಲೆ:
ಕ್ಯಾಬಿನ್ ಅಂದ ತಕ್ಷಣ ಎಲ್ರೂ ಸ್ಟೀಪ್ ರವೀನ್ ಹೆಸರು ಹೇಳ್ತಾರೆ, ನಾನೇ ಮೊದ್ಲು ಹೇಳ್ಬಿಡ್ತೀನಿ. ಮೌಂಟ್ ಟ್ಯಾಮಲ್‌ಪೈಸ್ ಸ್ಟೇಟ್ ಪಾರ್ಕ್‌ಗೆ ಸೇರಿದ್ದು, ಸ್ಟಿನ್ಸನ್ ಬೀಚ್‌ಗಿಂತ ಸ್ವಲ್ಪ ದಕ್ಷಿಣಕ್ಕೆ, ಹೈವೇಯಿಂದ ಕೆಳಗೆ ಬಂಡೆ ಅಂಚಲ್ಲಿ ಹಳೇ ಮರದ ಕ್ಯಾಬಿನ್‌ಗಳು. ನಾನು ಹೋಗಿದ್ದು ಆಗಸ್ಟ್‌ನಲ್ಲಿ. ಒಳಗೆ ಒಂದು ಸಣ್ಣ ಸೌದೆ ಸ್ಟವ್, ಒಂದು ಮೇಜು, ಮಲಗೋಕೆ ಜಗಲಿ ಥರ ಹಲಗೆಗಳು, ಅಷ್ಟೇ. ಹಾಸಿಗೆ ಇಲ್ಲ, ಕರೆಂಟ್ ಇಲ್ಲ, ನಲ್ಲಿ ಹೊರಗೆ, ಟಾಯ್ಲೆಟ್ ಹೊರಗೆ. ಸಂಜೆ ಐದಕ್ಕೆ ಕಿಟಕಿಯಲ್ಲಿ ಸಮುದ್ರ ಇತ್ತು, ಐದೂವರೆಗೆ ಬರೀ ಬಿಳಿ ಗೋಡೆ, ಅಲೆ ಸದ್ದು ಮಾತ್ರ ಕೇಳ್ತಿತ್ತು. ಬೆಂಕಿಪೊಟ್ಟಣ ಮೇಜಿನ ಮೇಲೇ ಬಿಟ್ಟಿದ್ದೆ, ಬೆಳಿಗ್ಗೆ ಗೀರಿದ್ರೆ ಕಡ್ಡಿ ತುದಿ ಪೇಸ್ಟ್ ಥರ ಉಜ್ಜಿಕೊಂಡು ಹೋಯ್ತು, ಒಂದೂ ಹತ್ಲಿಲ್ಲ. ಕೊನೆಗೆ ಪಕ್ಕದ ಕ್ಯಾಬಿನ್ ಅಜ್ಜ ಲೈಟರ್ ಕೊಟ್ರು.

ಇನ್ನು ಬುಕಿಂಗ್ ಕಥೆ. ನಾನು ಮಾಡಿದಾಗ ರಿಸರ್ವ್ ಕ್ಯಾಲಿಫೋರ್ನಿಯಾ ಸೈಟ್‌ನಲ್ಲಿ ಆರು ತಿಂಗಳು ಮುಂಚೆ ಬೆಳಿಗ್ಗೆ ಸರಿಯಾಗಿ 8 ಗಂಟೆಗೆ ಓಪನ್ ಆಗ್ತಿತ್ತು, 8 ಗಂಟೆ ಒಂದು ನಿಮಿಷಕ್ಕೆ ಖಾಲಿ. ಮೂರು ಸಲ ಸೋತೆ. ಸಿಕ್ಕಿದ್ದು ಕ್ಯಾನ್ಸಲೇಶನ್‌ನಲ್ಲಿ, ಅದೂ ಮಂಗಳವಾರ ರಾತ್ರಿ. ನೋಟಿಫಿಕೇಶನ್ ಹಾಕಿಟ್ಕೊಳಿ, ಶುಕ್ರವಾರ ಶನಿವಾರದ ಆಸೆ ಬಿಡಿ. ನಿಮ್ಮ ಡೇಟ್‌ಗೆ ಅದು ಓಪನ್ ಇದ್ಯಾ ಅಂತ ಪಾರ್ಕ್ ಪೇಜ್‌ನಲ್ಲಿ ಮೊದ್ಲು ನೋಡಿ, ರಿಪೇರಿ ಅಂತ ಮುಚ್ಚೋದೂ ಉಂಟು.

ಆದ್ರೆ ಸತ್ಯ ಹೇಳ್ತೀನಿ, ನಿಮ್ಮ ಅಮ್ಮಂಗೆ ಆ ಹಲಗೆ ಮೇಲೆ ಮಲಗಿ ನಡುರಾತ್ರಿ ಮಂಜಲ್ಲಿ ಟಾರ್ಚ್ ಹಿಡ್ಕೊಂಡು ಟಾಯ್ಲೆಟ್ ಹುಡ್ಕೋದು ಕಷ್ಟ. ಟಾರ್ಚ್ ಬೆಳಕು ಮಂಜಿಗೆ ಬಡಿದು ವಾಪಸ್ ನಮ್ಮ ಕಣ್ಣಿಗೇ ಬರತ್ತೆ, ಕಾಲಿನ ಹತ್ರ ಹಿಡ್ಕೊಂಡ್ರೆ ಮಾತ್ರ ದಾರಿ ಕಾಣೋದು.

ಸುಮ್ನೆ_ಬಂದೋನು:
ಒಳ್ಳೆ ಹೋಟೆಲ್ ರೂಮ್ ಮಾಡಿ, ಹೀಟರ್ ಹಾಕ್ಕೊಂಡು ಕಿಟಕಿಯಿಂದ ಮಂಜು ನೋಡಿ. ದುಡ್ಡು ಕೊಟ್ಟು ಯಾಕ್ರೀ ಒದ್ದೆ ಆಗ್ತೀರಾ

ಕಡಲಹಕ್ಕಿ:
@ಸುಮ್ನೆ_ಬಂದೋನು ನನ್ನ ಹೆಂಡ್ತಿ ಅಕೌಂಟಾ ಇದು? 😂
@ಗಂಬೂಟು ಸೆಪ್ಟೆಂಬರ್ ಆಗಲ್ಲ ಸರ್, ಮಗಂಗೆ ಸ್ಕೂಲು, ಅಮ್ಮ ಆಗಸ್ಟ್‌ನಲ್ಲಿ ವಾಪಸ್ ಹೊರಡ್ತಾರೆ. ಜುಲೈ ಫಿಕ್ಸ್. ಎತ್ತರದ ಜಾಗ ಅಂದ್ರಲ್ಲ, ಪಾಯಿಂಟ್ ರೇಯ್ಸ್‌ನಲ್ಲಿ ಸ್ಕೈ ಕ್ಯಾಂಪ್ ಅಂತ ಒಂದು ನೋಡ್ದೆ, ಅದು ಹೇಗೆ? ಮತ್ತೆ ಹೋದ ವರ್ಷ ಮಳೆ ಇಲ್ದೆ ಹನಿ ಬಿದ್ದಿದ್ದು ಏನು ಅಂತ ಯಾರೂ ಹೇಳ್ಲಿಲ್ಲ.

ಕೆಂಪುಮರ:
ಹನಿ ನಾನು ಹೇಳ್ತೀನಿ. ನೀವು ಟೆಂಟ್ ಹಾಕಿದ್ದು ರೆಡ್‌ವುಡ್ ಅಥವಾ ಅಂಥದ್ದೇ ಸೂಜಿ ಎಲೆ ಮರದ ಕೆಳಗೆ ಇರ್ಬೇಕು. ಮಂಜು ಹಾದು ಹೋಗೋವಾಗ ಎಲೆ ಅದನ್ನ ಬಾಚ್ಕೊಳತ್ತೆ, ಹನಿ ಕಟ್ಟತ್ತೆ, ತೊಟ್ಟಿಕ್ಕತ್ತೆ. ಮಳೆ ಇಲ್ಲದ ಬೇಸಿಗೆಯಲ್ಲಿ ರೆಡ್‌ವುಡ್‌ಗಳಿಗೆ ಈ ನೀರು ದೊಡ್ಡ ಆಸರೆ. ಹತ್ತು ಹೆಜ್ಜೆ ಆಚೆ ಬಯಲಲ್ಲಿ ನೆಲ ಒಣಗಿರತ್ತೆ, ಮರದ ಬುಡದಲ್ಲಿ ಕೆಸರು. ಹಂಗಾಗಿ ಮಂಜಿನ ಕೋಸ್ಟ್‌ನಲ್ಲಿ ಟೆಂಟ್ ಮರದ ಕೆಳಗೆ ಹಾಕ್ಬಾರ್ದು, ಬಯಲಲ್ಲಿ ಹಾಕಿದ್ರೆ ಗಾಳಿ ಹೊಡೆಯತ್ತೆ, ಪೊದೆ ಮರೆ ಇರೋ ಬಯಲು ಹುಡುಕ್ಬೇಕು. ಕಾಲಿನ ತುದಿ ಒದ್ದೆ ಆಗಿದ್ದು ಮಾತ್ರ ಬಹುಶಃ ನಿಮ್ಮದೇ ಉಸಿರು. ಚಳಿ ಅಂತ ಜಿಪ್ ಎಲ್ಲಾ ಎಳೆದು ಮುಚ್ಚಿರ್ತೀರ, ಮೂರು ಜನರ ಉಸಿರು ಟೆಂಟ್ ಬಟ್ಟೆಗೆ ಹನಿಯಾಗಿ ಕೂರತ್ತೆ, ಬ್ಯಾಗ್ ತುದಿ ಅದಕ್ಕೆ ತಾಗ್ತಿರತ್ತೆ. ಎಷ್ಟೇ ಚಳಿ ಇದ್ರೂ ಮೇಲಿನ ಗಾಳಿಕಿಂಡಿ ತೆಗೆದಿಡಿ.

ಸ್ಕೈ ಕ್ಯಾಂಪ್ ಚೆನ್ನಾಗಿದೆ, ಸಾವಿರ ಅಡಿ ಮೇಲಿದೆ, ಎಷ್ಟೋ ಬೆಳಿಗ್ಗೆ ಮಂಜಿನ ಮೇಲೆ ಕೂತಿರತ್ತೆ. ಆದ್ರೆ ಕಾರು ಹೋಗಲ್ಲ, ಒಂದೂವರೆ ಮೈಲಿ ಹತ್ತಿರ ನಡೀಬೇಕು, ಸಾಮಾನೆಲ್ಲಾ ಬೆನ್ನ ಮೇಲೆ. ಅಲ್ಲಿನ ಕ್ಯಾಂಪ್‌ಗಳಲ್ಲಿ ಸೌದೆ ಬೆಂಕಿನೂ ಹಾಕೋ ಹಾಗಿಲ್ಲ. ಮಂಡಿ ನೋವಿಗೆ ಬೇಡ.

ನಾನಾದ್ರೆ ಏನ್ ಮಾಡ್ತಿದ್ದೆ ಗೊತ್ತಾ, ಮಂಜು ನೋಡೋ ಜಾಗದಲ್ಲೇ ಮಲಗ್ಬೇಕು ಅನ್ನೋ ಹಠ ಬಿಡ್ತಿದ್ದೆ. ಪಾಯಿಂಟ್ ರೇಯ್ಸ್‌ನಿಂದ ಸ್ವಲ್ಪ ಒಳಗೆ ಸ್ಯಾಮ್ಯುಯೆಲ್ ಪಿ. ಟೇಲರ್ ಸ್ಟೇಟ್ ಪಾರ್ಕ್ ಇದೆ, ರೆಡ್‌ವುಡ್ ಕಾಡು, ಅಲ್ಲಿ ಕೆಲವು ಕ್ಯಾಬಿನ್ ಇವೆ, ಕರೆಂಟು, ಹೀಟರು, ಬಂಕ್ ಬೆಡ್ಡು. ಬಾತ್‌ರೂಮ್ ಹೊರಗೇ, ಆದ್ರೆ ಹತ್ರ. ಕರಾವಳಿಗೂ ಅದಕ್ಕೂ ನಡುವೆ ಗುಡ್ಡ ಇರೋದ್ರಿಂದ ಮಂಜು ತಡವಾಗಿ ಬರತ್ತೆ, ಬೇಗ ಕರಗತ್ತೆ. ಬೆಳಿಗ್ಗೆ ಅಲ್ಲೇ ನಿಧಾನಕ್ಕೆ ಕಾಫಿ ಕುಡ್ಕೊಂಡು, ಹನ್ನೊಂದು ಹನ್ನೆರಡಕ್ಕೆ ಬೀಚ್‌ಗೆ ಹೊರಡಿ. ಮಂಜು ಕರಗೋ ಟೈಮ್ ಅದು, ನಾಲ್ಕು ಗಂಟೆ ಮೇಲೆ ಮತ್ತೆ ಬರತ್ತೆ. ಅಷ್ಟರಲ್ಲಿ ವಾಪಸ್.

ಗಂಬೂಟು:
+1, ನನಗೆ ಹೊಳೀಲೇ ಇಲ್ಲ. ಬೀಚ್ ಆಯ್ಕೆ ಮಾಡೋವಾಗ ಡ್ರೇಕ್ಸ್ ಬೀಚ್ ನೋಡಿ, ಕೊಲ್ಲಿ ಒಳಗಿದೆ, ಎತ್ತರದ ಬಿಳಿ ಬಂಡೆ ಮರೆ, ಗಾಳಿ ಕಮ್ಮಿ. ತೆರೆದ ಸಮುದ್ರದ ಕಡೆ ಇರೋ ಬೀಚ್‌ಗಳಲ್ಲಿ ಮಗನ್ನ ನೀರಿಗೆ ಬಿಡ್ಲೇಬೇಡಿ, ಹತ್ತು ನಿಮಿಷ ಸಣ್ಣ ಅಲೆ ಬರ್ತಿದ್ದು ಇದ್ದಕ್ಕಿದ್ದ ಹಾಗೆ ಒಂದು ಅಲೆ ಎಲ್ಲೆಲ್ಲಿಗೋ ನುಗ್ಗತ್ತೆ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸ್ಕೋಬೇಡಿ.

ಮಂಜಲ್ಲಿ ಹೈವೇ 1 ಓಡಿಸೋವಾಗ ಹೈ ಬೀಮ್ ಹಾಕ್ಬೇಡಿ, ಲೋ ಬೀಮ್‌ನಲ್ಲೇ ಹೋಗಿ. ಹಿಂದೆ ಯಾರಾದ್ರೂ ಅಂಟ್ಕೊಂಡು ಬಂದ್ರೆ ಟರ್ನ್‌ಔಟ್‌ನಲ್ಲಿ (ದಾರಿ ಬಿಡೋಕೆ ಅಂತ ರಸ್ತೆ ಪಕ್ಕ ಇರೋ ಜಾಗ) ಬಿಟ್ಕೊಡಿ. ಜೀನ್ಸ್ ಒಂದಕ್ಕಿಂತ ಜಾಸ್ತಿ ಬೇಡ, ಒದ್ದೆ ಆದ್ರೆ ಮಾರನೇ ದಿನಕ್ಕೂ ಒಣಗಲ್ಲ. ಉಣ್ಣೆ ಸಾಕ್ಸ್ ಮಾತ್ರ ಎಣಿಸಿದ್ದಕ್ಕಿಂತ ಎರಡು ಜೊತೆ ಜಾಸ್ತಿ.

ಸೌದೆಒಲೆ:
ಮನೆಯಿಂದ ಸೌದೆ ತಗೊಂಡು ಹೋಗ್ಬೇಡಿ, ಅಲ್ಲೇ ಕೊಳ್ಳಿ, ಮರದ ರೋಗ ಹುಳ ಎಲ್ಲಾ ಸೌದೆ ಜೊತೆನೇ ಊರೂರು ಸುತ್ತತ್ತೆ. ಮತ್ತೆ ಲೈಟರ್!! ಎರಡು!

ಕಡಲಹಕ್ಕಿ:
ಅಪ್‌ಡೇಟ್. ಕೆಂಪುಮರ ಹೇಳಿದ ಜಾಗದಲ್ಲಿ ನೋಟಿಫಿಕೇಶನ್ ಹಾಕಿದ್ದೆ, ಇವತ್ತು ಮಧ್ಯಾಹ್ನ ಮೀಟಿಂಗ್ ನಡುವೆ ಮೆಸೇಜ್ ಬಂತು, ಕ್ಯಾಮೆರಾ ಆಫ್ ಮಾಡಿ ಬುಕ್ ಮಾಡ್ದೆ. ಭಾನುವಾರ, ಸೋಮವಾರ ಎರಡು ರಾತ್ರಿ ಕ್ಯಾಬಿನ್ ಸಿಕ್ತು. ಮೂರನೇ ರಾತ್ರಿ ಇಲ್ಲ, ಆ ದಿನ ಅಮ್ಮ, ಹೆಂಡ್ತಿ ಹೋಟೆಲ್ ಅಂತಿದಾರೆ (@ಸುಮ್ನೆ_ಬಂದೋನು ಖುಷಿನಾ), ಮಗ ಮಾತ್ರ ಟೆಂಟೇ ಬೇಕು ಅಂತ ಹಠ. ಅದೇ ಪಾರ್ಕ್‌ನಲ್ಲಿ ನಾನು ಅವನು ಇಬ್ರೇ ಒಂದು ಸೈಟ್ ತಗೋಬೇಕು ಅಂತಿದೀನಿ. ಅಲ್ಲೂ ರೆಡ್‌ವುಡ್ ಅಲ್ವಾ, ಮ್ಯಾಪ್‌ನಲ್ಲಿ ಯಾವ ಸೈಟ್ ಮರದಿಂದ ದೂರ ಇದೆ ಅಂತ ತಿಳಿಯಲ್ಲ, ಅಲ್ಲಿ ಮಲಗಿದೋರು ಯಾರಾದ್ರೂ ಇದ್ರೆ ನಂಬರ್ ಹೇಳಿ.