ಹಳೆಯ ಯಾಟ್ ಕೊಂಡು ದುರಸ್ತಿ ಮಾಡುವ ಆಸೆ: ಒಂದು ಪ್ರಶ್ನೆ, ಮೂವರ ಅನುಭವ

ಉಡುಪಿಯಿಂದ ಬಂದ ಪ್ರಶ್ನೆ:

ಉದ್ಯಾವರ ಹೊಳೆಯಲ್ಲಿ ಎರಡು ಮಳೆಗಾಲದಿಂದ ಕಟ್ಟಿಹಾಕಿರುವ ಹಳೆಯ ಮೋಟಾರು ಯಾಟ್ ಒಂದು ಮಾರಾಟಕ್ಕಿದೆ. 32 ಅಡಿ ಉದ್ದ, ಫೈಬರ್ ಮೈ, ಇಬ್ಬರು ಮಲಗುವಷ್ಟು ಕ್ಯಾಬಿನ್, ಎರಡು ಡೀಸೆಲ್ ಎಂಜಿನ್. ಮಾಲೀಕರು 8 ಲಕ್ಷ ಕೇಳುತ್ತಿದ್ದಾರೆ. ನನ್ನ ಕೈಯಲ್ಲಿರುವುದು ಒಟ್ಟು 14 ಲಕ್ಷ. ಮನೆಯವರನ್ನು ಕರೆದುಕೊಂಡು ಹೊಳೆಯಲ್ಲಿ ತಿರುಗಾಡಬೇಕು, ಕಡಲು ಶಾಂತವಾಗಿರುವ ದಿನ ಸೇಂಟ್ ಮೇರೀಸ್ ದ್ವೀಪದ ಕಡೆ ಹೋಗಿಬರಬೇಕು ಎಂಬ ಆಸೆ. ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಮುಂದುವರಿಯಲೇ, ಕೈಬಿಡಲೇ?

ಮಂಗಳೂರಿನ ಬೋಳೂರಿನಿಂದ:

ಕೈಬಿಡಿ ಎನ್ನಲಾರೆ. ಆದರೆ ದುಡ್ಡಿನ ಲೆಕ್ಕಕ್ಕಿಂತ ಮೊದಲು ತಿಂಗಳ ಲೆಕ್ಕ ಹಾಕಿ. ನಾನು 28 ಅಡಿಯ ಇಂಥದೇ ದೋಣಿಯನ್ನು ಗುರುಪುರ ಹೊಳೆಯ ದಡದಲ್ಲಿ ಕೊಂಡದ್ದು ಏಪ್ರಿಲ್ ಕೊನೆಯಲ್ಲಿ. ಖರ್ಚು ಕೈಮೀರಿದ್ದು ಆ ಒಂದು ತಪ್ಪಿನಿಂದ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಲೆ ಎಳೆಯುವ ಟ್ರಾಲ್ ಬೋಟುಗಳೆಲ್ಲ ದುರಸ್ತಿಗೆಂದು ದಕ್ಕೆಗೆ ಮರಳುತ್ತವೆ. ಬಡಗಿ, ವೆಲ್ಡರ್, ಎಂಜಿನ್ ಮೆಕ್ಯಾನಿಕ್, ದೋಣಿ ಮೇಲೆಳೆಯುವ ಜಾಗ, ಯಾವುದೂ ಬಿಡುವಿರುವುದಿಲ್ಲ. ಅದು ಮೀನುಗಾರರ ವರ್ಷದ ಅನ್ನದ ಪ್ರಶ್ನೆ, ಅವರ ಕೆಲಸವೇ ಮೊದಲು ಆಗಬೇಕು. ನನ್ನ ಸರದಿ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ಫೈಬರ್ ಕೆಲಸಕ್ಕೆ ಬೇಕಾದ ಒಣ ಹವೆ ನವೆಂಬರ್‌ವರೆಗೆ ಸಿಗಲಿಲ್ಲ. ಅಷ್ಟೂ ತಿಂಗಳು ಜಾಗದ ಬಾಡಿಗೆ, ಟಾರ್ಪಾಲು, ಕಾವಲು, ಒಳಗೆ ತುಂಬಿದ ನೀರು ಹೊರಹಾಕುವ ಕೂಲಿ. ಒಂದು ಸ್ಕ್ರೂ ಕೂಡ ತಿರುಗಿಸದೆ ಲಕ್ಷ ರೂಪಾಯಿ ದಾಟಿತು.

ನೀವು ಅಕ್ಟೋಬರ್‌ನಲ್ಲಿ ಕೊಳ್ಳಿ. ಘಟ್ಟದ ಕಡೆಯಿಂದ ಒಣಗಾಳಿ ಬೀಸುವ ಡಿಸೆಂಬರ್, ಜನವರಿ ಫೈಬರ್‌ಗೆ ಮೀಸಲಿಡಿ. ಅದು ಮುಗಿದ ಮೇಲೆ ಎಂಜಿನ್, ವೈರಿಂಗ್.

ಮುಂಗಡ ಕೊಡುವ ಮೊದಲು ದೋಣಿಯನ್ನು ನೀರಿನಿಂದ ಮೇಲೆತ್ತಿಸಲೇಬೇಕು. ಮಾಲೀಕರು ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಲಿ. ಎತ್ತಿದ ಗಳಿಗೆಯಲ್ಲೇ ತಳಭಾಗದ ಗುಳ್ಳೆಗಳನ್ನು ನೋಡಿ, ಒಣಗುತ್ತಾ ಹೋದಂತೆ ಅವು ಕುಗ್ಗಿ ಕಣ್ಣಿಗೆ ಬೀಳದಾಗುತ್ತವೆ. ಒಂದನ್ನು ಚುಚ್ಚಿದಾಗ ಬರುವ ನೀರು ವಿನೆಗರ್‌ನಂತೆ ಹುಳಿ ನಾತ ಹೊಡೆದರೆ ನೀರು ಫೈಬರ್ ಪದರದೊಳಗೆ ಇಳಿದಿದೆ ಎಂದರ್ಥ. ಅಲ್ಲೊಂದು ಇಲ್ಲೊಂದು ಗುಳ್ಳೆ ಇದ್ದರೆ ಹೆದರಬೇಡಿ, ಬೆಲೆ ಇಳಿಸಲು ಅದೇ ಸಾಕು. ಕೆರೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿದ ಮೇಲೆಯೇ ಎಪಾಕ್ಸಿ ಎಂಬ ಅಂಟು ರಾಳ ಹಚ್ಚಬೇಕು. ದೋಣಿಯ ಮೈಯಲ್ಲಿರುವ ಹಳೆಯ ಪಾಲಿಯೆಸ್ಟರ್ ರಾಳದ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಾಗೆ ಹಿಡಿಯುವುದಿಲ್ಲ. ಅಗ್ಗವೆಂದು ಎರಡನ್ನೂ ಹಿಂದುಮುಂದಾಗಿ ಬಳಸಿದರೆ ಪದರ ಎದ್ದುಬರುತ್ತದೆ.

ಆಮೇಲೆ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಗೇಣು ಗೇಣಿಗೆ ಮೈಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ‘ಟಣ್’ ಎಂದು ಚುರುಕಾಗಿ ಕೇಳುತ್ತದೆ. ಒಳಗೆ ಕೊಳೆತಲ್ಲಿ ‘ಬೊದ್’ ಎನ್ನುತ್ತದೆ. ಹಲಸು ಹಣ್ಣಾಗಿದೆಯೇ ಎಂದು ತಟ್ಟಿ ನೋಡಿದ ಕೈಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ನನ್ನ ದೋಣಿಯ ಹಿಂಬದಿಯ ಹಲಗೆ ಹೊರಗಿನಿಂದ ಹೊಳೆಯುತ್ತಿತ್ತು. ಏಣಿ ಕೂರಿಸಿದ್ದ ಒಂದು ಸ್ಕ್ರೂ ಬಿಚ್ಚಿದೆ. ಹಾಲಿಲ್ಲದ ಕಣ್ಣ ಚಹಾದ ಬಣ್ಣದ ನೀರು ಎಳೆಯಾಗಿ ಇಳಿಯಿತು, ಬೆರಳಿಗೆ ಹಚ್ಚಿ ಮೂಸಿದರೆ ಹೊಳೆಯಲ್ಲಿ ಕೊಳೆಹಾಕಿದ ತೆಂಗಿನ ಸಿಪ್ಪೆಯ ವಾಸನೆ. ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ ಆ ತೂತಿನಿಂದಲೇ ವರ್ಷಗಟ್ಟಲೆ ನೀರು ಕುಡಿದಿತ್ತು. ಒಳಗಿನ ಪದರ ಕತ್ತರಿಸಿ, ಕೊಳೆತದ್ದನ್ನು ಉಳಿಯಿಂದ ಕೆತ್ತಿ ತೆಗೆದು ಹೊಸ ಪ್ಲೈವುಡ್ ಕೂರಿಸಿದೆವು. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡನ್ನೇ ಕೇಳಿ ತನ್ನಿ, ಅಡುಗೆಮನೆಯ ಕಪಾಟಿಗೆ ಬಳಸುವುದು ಇಲ್ಲಿ ಬಾಳುವುದಿಲ್ಲ.

8 ಲಕ್ಷ ಕೊಟ್ಟರೆ ದುರಸ್ತಿಗೆ ಉಳಿಯುವುದು 6 ಲಕ್ಷ. ನನ್ನ ಅನುಭವದಲ್ಲಿ ಈ ಲೆಕ್ಕ ತಿರುಗುಮುರುಗಾಗಿರಬೇಕು: ಕೊಳ್ಳಲು ಕಡಿಮೆ, ದುರಸ್ತಿಗೆ ಹೆಚ್ಚು. 5ಕ್ಕೆ ಸಿಕ್ಕಿದರೆ ಕೊಳ್ಳಿ.

ಮಲ್ಪೆಯಿಂದ:

ನಾನು ಟ್ರಾಲ್ ಬೋಟುಗಳ ಎಂಜಿನ್ ಕೆಲಸ ಮಾಡುವವನು. ತಿಂಗಳ ಲೆಕ್ಕ ನೂರಕ್ಕೆ ನೂರು ಸರಿ, ಜುಲೈಯಲ್ಲಿ ನನಗೆ ಕೂತು ಊಟ ಮಾಡಲೂ ಪುರುಸೊತ್ತಿರುವುದಿಲ್ಲ. ಆದರೆ ಫೈಬರ್ ಮುಗಿಯುವವರೆಗೆ ಎಂಜಿನ್ ಕಾಯಲಿ ಎಂಬುದನ್ನು ಒಪ್ಪುವುದಿಲ್ಲ. ಎರಡು ಮಳೆಗಾಲ ನಿಂತ ಎಂಜಿನ್‌ನೊಳಗೆ ದಿನದಿನಕ್ಕೂ ತುಕ್ಕು ಬೆಳೆಯುತ್ತಿರುತ್ತದೆ. ದೋಣಿ ನಿಮ್ಮದಾದ ದಿನವೇ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ತೆಗೆಸಿ, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಕೈಯಿಂದ ತಿರುಗಿಸಿ ನೋಡಿ. ಬ್ಯಾಟರಿ ಕೊಟ್ಟು ಒಮ್ಮೆಲೇ ಸ್ಟಾರ್ಟ್ ಮಾಡುವ ದುಡುಕು ಬೇಡ.

ಮಾಲೀಕರು ಎಂಜಿನ್ ಓಡಿಸಿ ತೋರಿಸುತ್ತೇವೆ ಎಂದರೆ, ನೀವು ಹೋದ ಕೂಡಲೇ ಎಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮೊದಲೇ ಓಡಿಸಿದ್ದಾರೆ, ಇನ್ನೊಂದು ದಿನ ಬನ್ನಿ. ತಣ್ಣಗಿದ್ದಾಗ ಹೇಗೆ ಏಳುತ್ತದೆ ಎಂಬುದೇ ಪರೀಕ್ಷೆ. ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಉರಿಯುತ್ತಿದೆ. ಅಳತೆಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ. ಹೊಗೆ ಕೊಳವೆಗೆ ಉಪ್ಪುನೀರು ಕೂಡುವ ಬೆಂಡ್ ಬಿಚ್ಚಿ ನೋಡದೆ ಯಾವ ಬೆಲೆಗೂ ಒಪ್ಪಬೇಡಿ. ಅದು ಒಳಗಿನಿಂದ ಸವೆದು ತೂತಾದರೆ ಸಮುದ್ರದ ನೀರು ನೇರವಾಗಿ ಸಿಲಿಂಡರಿಗೆ ಹಿಂದಿರುಗುತ್ತದೆ. ನಾನು ಬಿಚ್ಚಿದ ಎಷ್ಟೋ ಎಂಜಿನ್‌ಗಳು ಸತ್ತಿದ್ದು ಹೀಗೆಯೇ.

ಟ್ಯಾಂಕಿನ ಹಳೆಯ ಡೀಸೆಲ್ಲನ್ನು ಪೂರ್ತಿ ತೆಗೆಸಿ, ಅಡಿಯಲ್ಲಿ ನೀರು, ಕಪ್ಪು ಲೋಳೆ ಇರುತ್ತದೆ. ಮೀನುಗಾರಿಕೆ ಬೋಟುಗಳಿಗೆ ಸಿಗುವ ತೆರಿಗೆರಹಿತ ಡೀಸೆಲ್ ನಿಮಗೆ ಸಿಗುವುದಿಲ್ಲ, ಪಂಪಿನ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ. ಎರಡು ಎಂಜಿನ್ ಎಂದರೆ ಫಿಲ್ಟರ್, ಪಂಪ್, ನೀರಿನಡಿ ತಿರುಗಿ ದೋಣಿ ತಳ್ಳುವ ಫ್ಯಾನ್ ಎಲ್ಲವೂ ಎರಡೆರಡು. ಎರಡೂ ತಿರುಗದೆ ಹಿಡಿದುಕೊಂಡಿದ್ದರೆ 5 ಲಕ್ಷಕ್ಕೂ ಬೇಡ.

ಕುಂದಾಪುರದಿಂದ:

ಕಾಗದಪತ್ರದ ಮಾತು ಯಾರೂ ಎತ್ತಲಿಲ್ಲ. ಹೊಳೆಯಲ್ಲಿ ಓಡುವ ಯಾಂತ್ರೀಕೃತ ದೋಣಿಗೂ 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ತಪಾಸಣೆ, ನೋಂದಣಿ ಇದೆ. ಅಳಿವೆ ದಾಟಿ ಕಡಲಿಗೆ ಹೋಗುವುದು ಬೇರೆಯೇ ವಿಷಯ. ಹಣ ಕೊಡುವ ಮೊದಲು ಬಂದರು ಕಚೇರಿಗೆ ಹೋಗಿ, ದೋಣಿಯ ಪತ್ರಗಳನ್ನು ಮುಂದಿಟ್ಟು ಎರಡನ್ನೂ ಕೇಳಿ. ವಿದೇಶದಲ್ಲಿ ಕಟ್ಟಿದ ದೋಣಿಯಾದರೆ ಕಸ್ಟಮ್ಸ್ ಸುಂಕ ಕಟ್ಟಿದ ದಾಖಲೆ ಕೈಗೆ ಬರಲೇಬೇಕು. ನಾನು ನೋಡಿ ಮೆಚ್ಚಿದ ಒಂದು ಒಳ್ಳೆಯ ದೋಣಿಯನ್ನು ಬಿಟ್ಟದ್ದು ಆ ಒಂದು ಕಾಗದ ಇಲ್ಲದ್ದಕ್ಕೆ. ಇವತ್ತಿಗೂ ಅದರ ಬಗ್ಗೆ ವಿಷಾದವಿಲ್ಲ.

ದ್ವೀಪದ ಕಡೆ ಮೊದಲ ಸಲ ಹೋಗುವಾಗ ಅಳಿವೆ ಬಲ್ಲ ಮಲ್ಪೆಯ ತಾಂಡೇಲರೊಬ್ಬರನ್ನು (ಬೋಟು ನಡೆಸುವವರನ್ನು) ಜತೆಗೆ ಕರೆದುಕೊಳ್ಳಿ. ಅಲ್ಲಿನ ಮರಳದಿಣ್ಣೆಗಳು ಪ್ರತಿ ಮಳೆಗಾಲದ ನಂತರ ಜಾಗ ಬದಲಿಸಿರುತ್ತವೆ.

ಮತ್ತೆ ಬೋಳೂರಿನಿಂದ:

ಎಂಜಿನ್ ವಿಷಯದಲ್ಲಿ ಮಲ್ಪೆಯವರ ಮಾತೇ ಸರಿ, ನನ್ನದನ್ನು ತಿದ್ದಿಕೊಳ್ಳುತ್ತೇನೆ. ದೋಣಿ ಮೇಲೆತ್ತಿಸುವ ದಿನ ಗೊತ್ತಾದರೆ ಎರಡು ದಿನ ಮೊದಲು ತಿಳಿಸಿ. ಬೆಳಗ್ಗೆಯೇ ಸುತ್ತಿಗೆ ಹಿಡಿದುಕೊಂಡು ಉದ್ಯಾವರಕ್ಕೆ ಬರುತ್ತೇನೆ.